ಮೆಹರಬಾನುಗೆ ಬರೆದದ್ದು

"ಹುಸೇನಪ್ಪನವರೇ, ಗಡಿಯಾರ ತಿರುಗಿಸಿ ಕಟ್ಟಿಕೊಂಡದ್ದು ಚಂದ ಕಾಣಾಕತ್ತೈತ್ರಿ" ಎಂದು ಲಿಂಗಸೂಗೂರು ಆಫೀಸಿನ ಯಮನೂರಮ್ಮ ಈ-ಮೇಲಿನಲ್ಲಿ ಬರೆದಿದ್ದಳು. ಬರೆದದ್ದು ಹುಸೇನಪ್ಪನಿಗಲ್ಲ, ರಾಯಚೂರಿನ ಕಂಪ್ಯೂಟರ್ ಸೆಂಟರೊಂದರಲ್ಲಿ ಕಲಿಸುವ ತನ್ನ ಗೆಳತಿ ಮೆಹರಬಾನುಗೆ. ಇಂಗ್ಲಿಷ್ ಅಕ್ಷರಗಳಲ್ಲಿ ಕುಟ್ಟಿದ ಕನ್ನಡವಾದ್ದರಿಂದ ಅವನು ಎಂದಿನಂತೆ ತುಟಿ ಅಲ್ಲಾಡಿಸುತ್ತ ಓದಿಕೊಂಡು ಬಂದವನು ತನ್ನ ಹೆಸರು ಸಿಕ್ಕಿದ ಕಡೆ ಅಲ್ಲಾಡಿಸುವುದನ್ನು ನಿಲ್ಲಿಸಿದ. ಮೇಲಿನ ಸಾಲುಗಳನ್ನು ಮತ್ತೆ ಓದಿದ. ಹೋದ ವಾರ ನಿನಗೆ ಬರೆದಿದ್ದೆನಲ್ಲ, ನಮ್ಮ ಸಿಂಧನೂರಿನ ಮೇಲ್ ಸಾಹೇಬರು ಗಡಿಯಾರದ ಮುಖ ಒಳಮಗ್ಗುಲಿಗೆ ಮಾಡಿ ಕಟ್ಟಿಕೊಂಡು ಬಸ್ ಕಂಡಕ್ಟರ್ ಥರ ಕಾಣುತ್ತಾರೆ ಅಂತ. ನಿನ್ನೆ ಮೋಡೆಮ್ ರಿಪೇರಿಗೆ ಲಿಂಗಸೂಗೂರಿಗೆ ಬಂದಾಗ ನೋಡುತ್ತೇನೆ, ಗಡಿಯಾರ ಹೊರಗೆ ಬಂದಿದೆ. ನೀನು ಹೇಳಿಲ್ಲ, ನಾನು ಹೇಳಿಲ್ಲ, ಮತ್ತೆ ಹೇಳಿದವರು ಯಾರು? ಇಷ್ಟು ಬರೆದು, ಆಮೇಲೆ ಗೆಳತಿಯನ್ನು ಅಲ್ಲಿಯೇ ಬಿಟ್ಟು ಅವನತ್ತ ತಿರುಗಿ ಆ ಒಂದು ಮಾತು ಆಡಿದ್ದಳು. ಹುಸೇನಪ್ಪನಿಗೆ ಮೊದಲು ಅನಿಸಿದ್ದು ಭಯವಲ್ಲ. ಕಿಟಕಿಯ ಸಂದಿಯಿಂದ ಇಣುಕುತ್ತಿದ್ದವನಿಗೆ ಒಳಗಿನವರು ಒಂದು ಕುರ್ಚಿ ಎಳೆದು ಕೂಡ್ರಿ ಅಂದರೆ ಹೇಗಾಗುತ್ತದೋ ಹಾಗಾಯಿತು. ಅವನ ಕೈ ತಾನಾಗಿ ಗಡಿಯಾರದ ಮೇಲೆ ಹೋಯಿತು. ಬಿಚ್ಚಿ ಮೊದಲಿನಂತೆ ಒಳಗೆ ತಿರುಗಿಸಿಕೊಳ್ಳಲೋ, ಇದ್ದಂತೆ ಇರಲೋ ಎಂದು ತಿಳಿಯದೆ, ಕಡೆಗೆ ಬಿಚ್ಚಿ ಕಿಸೆಯಲ್ಲಿ ಹಾಕಿಕೊಂಡ.

ಅವನು ಕೂತಿದ್ದ ಕೋಣೆ ಸಿಂಧನೂರಿನ ಗಂಗಾವತಿ ರಸ್ತೆಯ ಅಕ್ಕಿ ಗಿರಣಿಯೊಳಗಿನ ಒಂದೇ ಒಂದು ತಂಪು ಕೋಣೆ. ಆ ತಂಪು ಮನುಷ್ಯರಿಗಾಗಿ ಅಲ್ಲ, ಮೂಲೆಯಲ್ಲಿ ಮೇಜಿನ ಮೇಲೆ ಗುಂಯ್ ಎನ್ನುತ್ತಿದ್ದ ದೊಡ್ಡ ಕಂಪ್ಯೂಟರಿಗಾಗಿ. ಗಿರಣಿಯ ಮಾಲೀಕ ಮಾಳಿಂಗಪ್ಪ ಸಾಹುಕಾರರಿಗೆ ಮಸ್ಕಿಯಲ್ಲಿ ಒಂದು, ಲಿಂಗಸೂಗೂರಿನಲ್ಲಿ ಒಂದು ಖರೀದಿ ಆಫೀಸು ಇದ್ದವು, ಊರೂರಿಗೆ ಏಜೆಂಟರಿದ್ದರು. ಹೈದರಾಬಾದಿನ ವ್ಯಾಪಾರಿಗಳು ಈಗ ಎಲ್ಲದಕ್ಕೂ ಈ-ಮೇಲ್ ಕೇಳುತ್ತಾರೆಂದು ಸಾಹುಕಾರರು ಹಿಂದಿನ ವರ್ಷ ಆ ಯಂತ್ರ ತರಿಸಿ ಹುಸೇನಪ್ಪನ ಕೈಗೆ ಒಪ್ಪಿಸಿದ್ದರು. ಎಲ್ಲರ ಟಪಾಲೂ ಅದರ ಹೊಟ್ಟೆಗೇ ಬಂದು ಬೀಳುತ್ತಿತ್ತು. ಶಾಖೆಗಳವರು ಫೋನ್ ಹಚ್ಚಿ ತಮ್ಮದನ್ನು ಹಾಕಿ, ತಮಗೆ ಬಂದದ್ದನ್ನು ತೆಗೆದುಕೊಂಡು ಹೋಗುತ್ತಿದ್ದರು. ಹೊರ ಊರಿನದು ಮೋಡೆಮ್ ಕಿರುಚಿ ಹೊರಗಿನ ಫೋನ್ ಲೈನು ಹಿಡಿಯುವ ತನಕ ಅಲ್ಲೇ ಕಾದು ಕೂತಿರುತ್ತಿತ್ತು. ಯಂತ್ರಕ್ಕೆ ತೌಡಿನ ಧೂಳು ಆಗದೆಂದು ಹುಸೇನಪ್ಪ ಬಾಗಿಲಿಗೆ 'ಚಪ್ಪಲಿ ಹೊರಗೆ ಬಿಡಿರಿ' ಎಂದು ಬರೆದು ಅಂಟಿಸಿದ್ದ. ಗುಮಾಸ್ತರು, ತೂಕದ ದ್ಯಾವಪ್ಪ, ಸ್ವತಃ ಸಾಹುಕಾರರು ಕೂಡ ಹೊಸ್ತಿಲಲ್ಲಿ ಚಪ್ಪಲಿ ಕಳಚಿ ಒಂದು ನಮೂನೆ ಭಕ್ತಿಯಿಂದ ಒಳಗೆ ಬರುತ್ತಿದ್ದರು. ತನ್ನ ಅಜ್ಜ ಇಂಥ ಸಾಹುಕಾರರ ಮನೆಗಳ ಮುಂದೆ ಹಾದುಹೋಗುವಾಗ ಚಪ್ಪಲಿ ಕೈಯಲ್ಲಿ ಹಿಡಿದು ನಡೆಯುತ್ತಿದ್ದ ಎಂಬುದು ಹುಸೇನಪ್ಪನಿಗೆ ನೆನಪಾಗಿ, ಹೊಸ್ತಿಲ ಹೊರಗಿನ ಚಪ್ಪಲಿಗಳ ಸಾಲು ನೋಡುವುದೇ ಒಂದು ಸುಖವಾಗಿತ್ತು. ಆ ಸುಖದಲ್ಲಿ ಪಾಪವೇನೂ ಇರಲಿಲ್ಲ. ಪಾಪ ಶುರುವಾದದ್ದು ಬೇರೆ ಕಡೆ. ಒಂದು ದಿನ ಯಮನೂರಮ್ಮನ ಟಪಾಲು ಹೋಗದೆ ಸಿಕ್ಕಿಬಿದ್ದಿತ್ತು, ಯಾಕೆಂದು ನೋಡಲು ಬಿಚ್ಚಿದ, ಬಿಚ್ಚಿದವನು ಓದಿದ, ಓದಿದವನು ನಕ್ಕ. ತನ್ನ ಆಫೀಸಿನ ಕೆಳಗಿನ ಗಿರಾಕಿಗಳು, ಹಾಸ್ಟೆಲಿನಲ್ಲಿ ಅಡಿಗೆ ಮಾಡುವ ತಾಯಿ ಗದ್ದೆಮ್ಮ, ಕೆಟ್ಟುಹೋದ ಬಸ್ಸು, ಯಾವುದನ್ನು ಬರೆದರೂ ಆ ಹುಡುಗಿ ಉಪ್ಪು ಖಾರ ಹಚ್ಚಿ ಬರೆಯುತ್ತಿದ್ದಳು. ಮರುದಿನ ಟಪಾಲು ಸಿಕ್ಕಿಬೀಳದಿದ್ದರೂ ಬಿಚ್ಚಿದ.

ಓದಬಾರದೆಂದು ಗೊತ್ತಿರಲಿಲ್ಲವೆಂದಲ್ಲ. ಶಾಖೆಗಳವರಿಗೆ ಪಾಸ್‌ವರ್ಡಿನ ಬಗ್ಗೆ ಭಾಷಣ ಮಾಡುತ್ತಿದ್ದವನು ಅವನೇ. ಹೆಂಡತಿಗೂ ಹೇಳಬಾರದು, ಗೋಡೆಯ ಮೇಲೆ ಬರೆಯಬಾರದು, ಊರ ದೇವರ ಹೆಸರು ಇಡಬಾರದು. ಆದರೆ ಒಳಗೊಳಗೆ ಅವನಿಗೆ ಒಂದು ಸಮಜಾಯಿಷಿ ಇತ್ತು, ಅದು ಅಪ್ಪನಿಂದ ಬಂದದ್ದು. ಅಪ್ಪ ಅಂಬಪ್ಪ ಸಂತೆಕಲ್ಲೂರಿನಲ್ಲಿ ಪೋಸ್ಟ್‌ಮ್ಯಾನ್ ಆಗಿದ್ದ. ಸೈಕಲ್ ತುಳಿಯುತ್ತ ಕಾರ್ಡುಗಳನ್ನು ಓದಿಕೊಂಡೇ ಹೋಗುತ್ತಿದ್ದ. ಅವ್ವ ಗಾಳೆಮ್ಮ ಬೈದರೆ, ಗುಟ್ಟು ಇದ್ದವರು ಕವರ್ ಹಾಕುತ್ತಾರೆ, ಕಾರ್ಡು ಬರೆದವರು ದಾರಿಯಲ್ಲಿ ಹೋಗುವವರೆಲ್ಲ ಓದಲಿ ಅಂತಲೇ ಬರೆದಿರುತ್ತಾರೆ ಅನ್ನುತ್ತಿದ್ದ. ಈ-ಮೇಲ್ ಕೂಡ ಕಾರ್ಡೇ ಹೊರತು ಕವರಲ್ಲ ಎಂದು ಹುಸೇನಪ್ಪ ಕಲಿತ ಪುಸ್ತಕದಲ್ಲಿಯೂ ಇತ್ತು. ಎಚ್ಚರಿಕೆಗೆಂದು ಬರೆದ ಆ ಮಾತನ್ನು ಅವನು ಪರವಾನಗಿ ಮಾಡಿಕೊಂಡಿದ್ದ. ಹೀಗೆ ಅವನ ದಿನಗಳು ಹಗುರವಾಗಿ ಹೋಗುತ್ತಿದ್ದವು. ಮುಂಜಾನೆ ಬಂದ ಕೂಡಲೇ ಅವಳದು ಓದುವುದು, ಆಮೇಲೆ ಚಹಾ. ಒಮ್ಮೊಮ್ಮೆ ಅವಳ ಅಕ್ಷರದ ತಪ್ಪುಗಳನ್ನು ತಿದ್ದಬೇಕೆನಿಸಿ ಕೈ ಕಟ್ಟಿಕೊಂಡು ಕೂರುತ್ತಿದ್ದ.

ಅಷ್ಟರಲ್ಲಿ ಬಾಗಿಲಲ್ಲಿ ದ್ಯಾವಪ್ಪ ಇಣುಕಿ, ಸಾಹುಕಾರರು ಕರೆಯುತ್ತಿದ್ದಾರೆಂದು ಹೇಳಿ ಹೋದ. ಹುಸೇನಪ್ಪ ಯಮನೂರಮ್ಮನ ಟಪಾಲು ಮುಚ್ಚಿ, ಮುಚ್ಚಿದ್ದು ಹೌದೋ ಅಲ್ಲವೋ ಎಂದು ಮತ್ತೊಮ್ಮೆ ನೋಡಿ ಎದ್ದ. ಅಂಗಳದ ತುಂಬ ವಳಕಮದಿನ್ನಿ ಕಡೆಯಿಂದ ಬಂದ ಭತ್ತದ ಟ್ರ್ಯಾಕ್ಟರುಗಳು ನಿಂತಿರಬೇಕಾದ ಸುಗ್ಗಿಯ ದಿನಗಳು ಅವು. ನಿಂತದ್ದು ಒಂದೋ ಎರಡೋ. ಉಳಿದವು ಗೇಟಿನ ತನಕ ಬಂದು, ರೇಟು ಕೇಳಿ, ಹಿಂದಕ್ಕೆ ತಿರುಗಿ ರಸ್ತೆಯಾಚೆಯ ಹೊಸ ಗಿರಣಿಗೆ ಹೋಗುತ್ತಿದ್ದವು. ಸಾಹುಕಾರರು ಗಾದಿಯ ಮೇಲೆ ಕಾಲು ಮಡಚಿ ಕೂತಿದ್ದರು. ಮೊದಲು ಎಂದಿನ ಪ್ರಶ್ನೆ ಕೇಳಿದರು: ಎರಡು ಸಾವಿರದ ಇಸವಿ ಹುಟ್ಟಿದ ಕೂಡಲೇ ಕಂಪ್ಯೂಟರುಗಳಿಗೆಲ್ಲ ಹುಚ್ಚು ಹಿಡಿಯುತ್ತದಂತೆ, ನಮ್ಮದರ ಗತಿಯೇನು? ನಮ್ಮದಕ್ಕೆ ಏನೂ ಆಗುವುದಿಲ್ಲ ಎಂದು ಹುಸೇನಪ್ಪ ಎಂದಿನಂತೆ ಹೇಳಿದ. ಆಮೇಲೆ ಅವರು ದನಿ ತಗ್ಗಿಸಿದರು. ದಿನಾ ಮುಂಜಾನೆ ತಾವು ಎಲ್ಲ ಶಾಖೆಗಳಿಗೆ ಬರೆಸುವ ಖರೀದಿ ರೇಟು ಎದುರು ಗಿರಣಿಯವನಿಗೆ ಹೇಗೋ ತಿಳಿಯುತ್ತಿದೆ. ಅವನು ಅದಕ್ಕಿಂತ ತುಸು ಹೆಚ್ಚಿಟ್ಟು ಮಾಲೆಲ್ಲ ಎಳೆದುಕೊಳ್ಳುತ್ತಿದ್ದಾನೆ. ಲಿಂಗಸೂಗೂರಿನ ಹುಡುಗಿಯ ಸೋದರಮಾವ ಆ ಗಿರಣಿಯಲ್ಲೇ ಹಮಾಲರ ಮೇಸ್ತ್ರಿ.

"ಆ ಹುಡುಗಿ ಭಾಳ ಬರೀತಾಳಂತ ಕೇಳೀನಿ," ಅಂದರು ಸಾಹುಕಾರರು. "ಏನು ಬರೀತಾಳ, ಯಾರಿಗೆ ಬರೀತಾಳ, ತೆಗೆದು ನೋಡು. ನೋಡಿ ನನಗ ಒಂದು ಮಾತು ಹೇಳು ಸಾಕು. ಆಕೀನ ಇಟ್ಟುಕೋಬೇಕೋ ಬಿಡಬೇಕೋ ನಾ ನೋಡಿಕೋತೀನಿ."

ಹುಸೇನಪ್ಪ ತಲೆಯಾಡಿಸಿ ಹೊರಗೆ ಬಂದ. ಅಂಗಳ ದಾಟುವಾಗ ಅವನಿಗೆ ನಗು ಬಂತು. ತಿಂಗಳುಗಟ್ಟಲೆ ಕದ್ದು ಮಾಡಿದ್ದನ್ನು ಈಗ ಮಾಲೀಕರೇ ಮಾಡೆಂದು ಹೇಳಿದ್ದರು. ಕಳ್ಳನಿಗೆ ಕಾವಲು ಕೊಟ್ಟ ಹಾಗೆ. ಅವಳು ರೇಟಿನ ಸುದ್ದಿಯನ್ನು ಯಾರಿಗೂ ಬರೆದಿಲ್ಲವೆಂದು ಅವನಷ್ಟು ಚೆನ್ನಾಗಿ ಬಲ್ಲವರು ಈ ಭೂಮಿಯ ಮೇಲೆ ಇರಲಿಲ್ಲ. ಆದರೆ ತಾನು ಓದುತ್ತೇನೆಂದು ಬಲ್ಲವಳೂ ಅವಳೊಬ್ಬಳೇ. ಇವೆರಡೂ ಒಂದರ ಪಕ್ಕ ಒಂದು ಬಂದು ನಿಂತಾಗ ಮೂರನೆಯ ಯೋಚನೆಯೊಂದು ಕರೆಯದೇ ಬಂತು. ಒಂದು ಮಾತು ಸಾಕು ಎಂದಿದ್ದರು ಸಾಹುಕಾರರು. ಮಾತೂ ಬೇಡ, ಅವಳ ಒಂದು ಟಪಾಲನ್ನು ಕಾಗದಕ್ಕಿಳಿಸಿ ಅವರ ಮುಂದಿಟ್ಟರೆ ಆಯಿತು. ಸಾಹುಕಾರರು ಬರುವ ಮೊದಲು ಅವರ ಹೊಟ್ಟೆ ಬಾಗಿಲಲ್ಲಿ ಬಂದು ವಿಚಾರಿಸಿಕೊಂಡು ಹೋಗುತ್ತದೆ ಎಂದು ಅವಳು ಬರೆದದ್ದು ಇತ್ತು. ಅಷ್ಟಕ್ಕೇ ಅವಳು ಕೆಲಸದಿಂದ ಹೋಗುತ್ತಿದ್ದಳು, ಅವಳ ಜೊತೆಗೇ ಆ ಗಡಿಯಾರದ ಮಾತೂ ಹೋಗುತ್ತಿತ್ತು. ಯಾವ ಸುಳ್ಳನ್ನೂ ಹೇಳಿದಂತಾಗುತ್ತಿರಲಿಲ್ಲ. ಹುಸೇನಪ್ಪ ಒಳಗೆ ಬಂದು ಕೂತು ಆ ಟಪಾಲು ಹುಡುಕಿ ಪ್ರಿಂಟರಿಗೆ ಕಳಿಸಿಯೂ ಬಿಟ್ಟ. ಪ್ರಿಂಟರ್ ಕರಕರ ಹಲ್ಲು ಕಡಿಯುತ್ತ ಒಂದೊಂದೇ ಸಾಲು ಹೊರಗೆ ಹಾಕತೊಡಗಿತು. ಹೊಟ್ಟೆಯ ಮಾತು ಬರುವಷ್ಟರಲ್ಲಿ ಅವನು ಯಾಕೋ ಸ್ವಿಚ್ ಆರಿಸಿದ. ಒಳ್ಳೆಯತನದಿಂದ ಆರಿಸಿದೆ ಎಂದು ಆಮೇಲೆ ಎಷ್ಟೋ ಸಲ ಅಂದುಕೊಳ್ಳಲು ನೋಡಿದ. ಆದರೆ ನಿಜವಾಗಿ ಆ ಹೊತ್ತಿನಲ್ಲಿ ಅವನಿಗೆ ಅನಿಸಿದ್ದು ಇಷ್ಟೇ: ಅವಳು ಹೋದರೆ ನಾಳೆ ಮುಂಜಾನೆ ಓದಲು ಏನಿರುತ್ತದೆ?

ಅನಿಸಿದ್ದಕ್ಕೆ ಅವನಿಗೇ ಅಸಹ್ಯವಾಯಿತು. ಅರ್ಧ ಬಂದ ಕಾಗದವನ್ನು ಹರಿದು ಉಂಡೆ ಮಾಡಿ ಕಿಸೆಗೆ ತುರುಕಿದಾಗ ಒಳಗೆ ಗಡಿಯಾರ ತಗುಲಿತು. ಹಾಗಾದರೆ ರೇಟು ಹೋಗುತ್ತಿರುವುದು ಎಲ್ಲಿಂದ? ಯಂತ್ರದಲ್ಲಿ ಒಂದು ದಾಖಲೆ ತಾನಾಗಿ ಬೆಳೆಯುತ್ತಿರುತ್ತದೆ: ಯಾರು ಯಾವಾಗ ಫೋನ್ ಹಚ್ಚಿದರು, ಯಾರ ಹೆಸರಿನಲ್ಲಿ ಒಳಗೆ ಬಂದು ಏನು ಒಯ್ದರು ಎಂಬುದು ಅದರಲ್ಲಿ ಬೀಳುತ್ತದೆ. ಮೇಲ್ ನೋಡಿಕೊಳ್ಳುವವನು ಮುಂಜಾನೆ ಎದ್ದು ಓದಬೇಕಾದದ್ದು ಅದನ್ನು. ಹುಸೇನಪ್ಪ ಅದನ್ನು ತೆರೆಯದೆ ಎಷ್ಟು ದಿನವಾಗಿತ್ತೋ ಅವನಿಗೇ ನೆನಪಿರಲಿಲ್ಲ. ಅದರಲ್ಲಿ ನಗೆಯಿರುತ್ತಿರಲಿಲ್ಲ, ಗದ್ದೆಮ್ಮನ ಸಾರು ಇರುತ್ತಿರಲಿಲ್ಲ. ಈಗ ತೆರೆದ. ಹುಡುಕುವ ಕಷ್ಟವೇ ಬೀಳಲಿಲ್ಲ. ಸಾಹುಕಾರರ ರೇಟು ಹೊರಟ ಸ್ವಲ್ಪ ಹೊತ್ತಿಗೆ ದಿನವೂ ಒಂದು ಹೆಸರು ಬಂದು ತನ್ನ ಪಾಲಿನ ಪ್ರತಿ ಎತ್ತಿಕೊಂಡು ಹೋಗಿತ್ತು. ಶಾವಲಿ. ಶಾವಲಿ ಈ ಗಿರಣಿಯ ಹಳೆಯ ಖರೀದಿ ಏಜೆಂಟ, ನಗುಮುಖದ ಮನುಷ್ಯ. ದಸರೆಯ ಹೊತ್ತಿಗೆ ಕೆಲಸ ಬಿಟ್ಟು ಎದುರು ಗಿರಣಿ ಸೇರಿದ್ದ. ಬೀಳ್ಕೊಡುಗೆಯ ದಿನ ಮಂಡಾಳ ಒಗ್ಗರಣಿ, ಮಿರ್ಚಿ ಹಂಚಿದ್ದರು. ಮಾಲೆ ಹಾಕಿದವನು ಹುಸೇನಪ್ಪನೇ. ಮಾಲೆ ಹಾಕಿ, ಮಿರ್ಚಿ ತಿಂದು, ಕೈ ಒರೆಸಿಕೊಂಡು ಒಳಗೆ ಬಂದು ಅವನ ಹೆಸರನ್ನು ಯಂತ್ರದಿಂದ ತೆಗೆಯಬೇಕಾಗಿತ್ತು. ಆ ದಿನ ಯಮನೂರಮ್ಮ ಉದ್ದನೆಯದೊಂದು ಬರೆದಿದ್ದಳು.

ಹೆಸರು ಅಳಿಸುವುದಕ್ಕೆ ಕಣ್ಣು ಮಿಟುಕಿಸುವಷ್ಟು ಹೊತ್ತೂ ಹಿಡಿಯಲಿಲ್ಲ. ಅಳಿಸಿದ ಮೇಲೆ ಸಾಹುಕಾರರ ಕಡೆ ಹೋಗುವುದಕ್ಕೆ ಮಾತ್ರ ಅವನು ಅಂಗಳದಲ್ಲಿ ಬಹಳ ಸುತ್ತಿದ. ನೀರು ಕುಡಿದ; ಬಾಯ್ಲರಿನ ಹತ್ತಿರ ನಿಂತು ಹೊಟ್ಟು ಉರಿಯುವುದನ್ನು ನೋಡಿ ಕಿಸೆಯ ಕಾಗದದ ಉಂಡೆಯನ್ನು ಅದಕ್ಕೆಸೆದ; ದ್ಯಾವಪ್ಪನೊಡನೆ ಬೇಡದ ಮಾತನಾಡಿದ. ಕಡೆಗೆ ಗಾದಿಯ ಮುಂದೆ ಹೋಗಿ ನಿಂತು, ಬಾಯಿಪಾಠ ಒಪ್ಪಿಸುವವನಂತೆ ಹೇಳಿದ.

"ಹುಡುಗೀದು ಏನೂ ತಪ್ಪಿಲ್ರೀ. ತಪ್ಪು ನಂದೈತಿ. ಶಾವಲಿ ಬಿಟ್ಟು ಹೋದ ಮ್ಯಾಲೆ ಅವನ ಹೆಸರು ತೆಗೀಬೇಕಿತ್ತು, ತೆಗೀಲಿಲ್ಲ. ಇಷ್ಟು ದಿನ ನಮ್ಮ ರೇಟು ನಾವೇ ಅವನ ಮನೀಗೆ ಮುಟ್ಟಿಸಿದಂಗ ಆಗೈತ್ರಿ."

ಬೈಗುಳಕ್ಕೆ ಅವನು ತಯಾರಾಗಿದ್ದ. ಸಾಹುಕಾರರು ಬೈಯಲಿಲ್ಲ. ಅವನನ್ನು ಅಡಿಯಿಂದ ಮುಡಿಯ ತನಕ ನೋಡಿದರು, ಆಮೇಲೆ ಅವರ ಮುಖದ ಮೇಲೆ ಮೆಲ್ಲಗೆ ಒಂದು ನಗೆ ಹಬ್ಬಿತು. ಹರೆಯದ ಹುಡುಗರನ್ನು ಕಂಡಾಗ ಹಿರಿಯರಿಗೆ ಬರುವಂಥ ನಗೆ. ಆಕೆಯ ಪಗಾರ ಉಳಿಯಲೆಂದು ನಿನ್ನ ತಲೆಯ ಮೇಲೆ ಹಾಕಿಕೊಳ್ಳುತ್ತಿದ್ದೀಯಲ್ಲ ಎಂದರು. ಮೋಡೆಮ್ ರಿಪೇರಿ ಎಂದು ನೀನು ಮೇಲಿಂದ ಮೇಲೆ ಲಿಂಗಸೂಗೂರಿಗೆ ಹೋಗುವುದು ನನಗೇನು ಗೊತ್ತಿಲ್ಲವೇ, ಆಗಲಿ, ಶಾವಲಿಯದೇ ತಪ್ಪೆನ್ನೋಣ, ವಯಸ್ಸು ಹಾಗೇ ಇರುತ್ತದೆ ಬಿಡು ಎಂದು ಎಲೆಯಡಿಕೆ ಬಾಯಿಗೆ ಹಾಕಿಕೊಂಡರು. ಹುಸೇನಪ್ಪನ ಮೈ ಹಗುರಾಯಿತು. ಬೈಗುಳ ತಿನ್ನಲು ಬಂದವನಿಗೆ ಹೂಮಾಲೆ ಸಿಕ್ಕಿತ್ತು. ಒಂದು ಹುಡುಗಿಗಾಗಿ ತಪ್ಪನ್ನು ಮೈಮೇಲೆ ಎಳೆದುಕೊಂಡ ಗಂಡಸು. ಕನ್ನಡಿಯಲ್ಲಿ ಹಾಗೆ ಕಾಣುವುದು ಎಷ್ಟು ಚಂದ. ಸುಮ್ಮನೆ ತಲೆ ತಗ್ಗಿಸಿ ನಿಂತರೆ ಸಾಕಿತ್ತು. ಅವನು ಒಂದು ಗಳಿಗೆ ಹಾಗೆ ನಿಂತೂ ನಿಂತ. ಆದರೆ ಪಕ್ಕದಲ್ಲಿ ಲೆಕ್ಕ ಬರೆಯುತ್ತಿದ್ದ ಗುಮಾಸ್ತನ ಪೆನ್ನು ನಿಂತದ್ದು ಕಂಡಿತು, ಅವನ ತುಟಿಯ ತುದಿಯಲ್ಲೂ ಅದೇ ನಗೆ. ಸಂಜೆಯೊಳಗೆ ಈ ಮಾತು ಮಸ್ಕಿ ದಾಟಿರುತ್ತದೆ, ನಾಳೆ ಲಿಂಗಸೂಗೂರಿನ ಬಸ್‌ಸ್ಟ್ಯಾಂಡಿನಲ್ಲಿ ಯಮನೂರಮ್ಮನ ಬೆನ್ನ ಹಿಂದೆ ಇರುತ್ತದೆ. ಅವಳು ಆಡದ ಮಾತಿಗೆ, ಮಾಡದ ಕೆಲಸಕ್ಕೆ. ಗುಮಾಸ್ತನಿಗೂ ಕೇಳಲೆಂದು ಹುಸೇನಪ್ಪ ದನಿ ಏರಿಸಿದ.

"ಹಂಗಲ್ರೀ. ಆಕೀಗೂ ನನಗೂ ಏನೂ ಇಲ್ಲ. ನೀವು ಹೇಳೋಕಿಂತ ಮೊದಲಿಂದಾನೂ ನಾ ಆಕಿ ಟಪಾಲು ಕದ್ದು ಓದಾಕತ್ತೀನಿ. ದಿನಾ ಓದ್ತಿದ್ನಿ. ಅದ್ರಾಗ ರೇಟಿನ ಸುದ್ದಿ ಒಂದೂ ಇಲ್ಲ, ಅದಕ್ಕ ಖಾತ್ರಿಲೇ ಹೇಳಾಕತ್ತೀನಿ."

ನಗೆ ನಿಂತಿತು. ಸಾಹುಕಾರರು ಎದ್ದು ಹೋಗಿ ಎಲೆ ಉಗುಳಿ ಬಂದು ಮತ್ತೆ ಕೂತರು.

"ನನ್ನವೂ ಓದೀಯೇನು?"

"ಮೊದಮೊದಲು ಓದಿದ್ನಿರಿ. ಆಮ್ಯಾಲ ಬಿಟ್ನಿ."

"ಯಾಕ ಬಿಟ್ಟಿ?"

"ಬರೇ ರೇಟ್ ಇರತಿತ್ತಲ್ರೀ," ಅಂದುಬಿಟ್ಟ.

ಕದ್ದು ಓದಿದ್ದಕ್ಕಿಂತ ಓದುವುದನ್ನು ಬಿಟ್ಟದ್ದೇ ಸಾಹುಕಾರರಿಗೆ ಹೆಚ್ಚು ನೋವಾದಂತೆ ಕಂಡಿತು. ಅವರು ಗೇಟಿನತ್ತ ಮುಖ ತಿರುಗಿಸಿದರು. ಕೆಲಸ ಬಿಡಿಸುತ್ತಾರೆ ಎಂದುಕೊಂಡ ಹುಸೇನಪ್ಪ. ಆದರೆ ಈ ಯಂತ್ರದ ಮೂತಿ ಯಾವ ಕಡೆ ಎಂಬುದು ಸಿಂಧನೂರಿನಲ್ಲಿ ಮತ್ತೊಬ್ಬರಿಗೆ ಗೊತ್ತಿರಲಿಲ್ಲ, ಅದನ್ನು ಇಬ್ಬರೂ ಬಲ್ಲರು. ಸಾಹುಕಾರರು ಕಡೆಗೆ ಹೇಳಿದ್ದು ಇಷ್ಟು: ಈಗಿಂದೀಗ ಬಸ್ ಹತ್ತಿ ಮಸ್ಕಿಗೂ ಲಿಂಗಸೂಗೂರಿಗೂ ಹೋಗಬೇಕು, ತಮ್ಮ ಮುಂದೆ ಹೇಗೆ ಹೇಳಿದನೋ ಹಾಗೆಯೇ ಅಲ್ಲಿಯವರ ಮುಂದೆ ನಿಂತು ಹೇಳಿ ಬರಬೇಕು. ಫೋನಿನಲ್ಲಿ ಅಲ್ಲ. ಈ-ಮೇಲಿನಲ್ಲಂತೂ ಬೇಡವೇ ಬೇಡ.

ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಕಾಲುವೆಯ ಹಸಿರು ಹಿಂದೆ ಬಿದ್ದು, ಜೋಳದ ಕರಿ ಹೊಲಗಳು ಶುರುವಾಗುವ ಹೊತ್ತಿಗೆ ಹುಸೇನಪ್ಪನಿಗೆ ಯಾಕೋ ಉಲ್ಲಾಸವೇ ಆಗತೊಡಗಿತು. ಹಲ್ಲು ಕೀಳಿಸಿಕೊಂಡು ಬಂದವನ ನಾಲಿಗೆ ಮತ್ತೆ ಮತ್ತೆ ಆ ಖಾಲಿ ಜಾಗಕ್ಕೆ ಹೋಗುವಂತೆ ಅವನ ಮನಸ್ಸು ತಾನು ಆಡಿದ ಮಾತಿಗೆ ಹೋಗಿ ಹೋಗಿ ಬರುತ್ತಿತ್ತು, ನೋವಿರಲಿಲ್ಲ. ಹೇಳಿದೆನಲ್ಲ, ಎಷ್ಟು ಜನ ಹೇಳುತ್ತಾರೆ? ಪಕ್ಕದಲ್ಲಿ ಕೂತ ಪಾಮನಕಲ್ಲೂರಿನ ಮುದುಕಿ ಕಡ್ಲಿ ಕೊಟ್ಟಳು, ತಿಂದ. ಅವ್ವ ಬೈದಾಗ ಅಪ್ಪ ಸೈಕಲ್ಲಿನ ಮೇಲಿಂದ ನಗುತ್ತ ಹೋಗುತ್ತಿದ್ದದ್ದು ಕಣ್ಣ ಮುಂದೆ ಬಂತು. ಆ ಅಪ್ಪನೇ ಒಂದು ಮಧ್ಯಾಹ್ನ ಆದೆಮ್ಮನೆಂಬ ಮುದುಕಿಗೆ ಬಂದ ಕಾರ್ಡನ್ನು ಅವಳ ಮನೆಯ ಕಟ್ಟೆಯ ಮೇಲೆ ಕೂತು ಗಟ್ಟಿಯಾಗಿ ಓದುವಾಗ, ಎಲ್ಲವನ್ನೂ ದಾರಿಯಲ್ಲೇ ಓದಿಕೊಂಡು ಬಂದಿದ್ದರೂ, ಈಗಷ್ಟೇ ನೋಡುತ್ತಿರುವವನಂತೆ ತಡವರಿಸುತ್ತ ಓದಿದ್ದ. ಯಾಕೆ ಹಾಗೆ ಓದಿದೆ ಎಂದು ಸೈಕಲ್ಲಿನ ಹಿಂದೆ ಕೂತ ಹುಸೇನಪ್ಪ ಕೇಳಿದರೆ, ಆಕೆಗಿಂತ ಮೊದಲು ನಾನು ಅತ್ತು ಮುಗಿಸಿದ್ದು ಆಕೆಗೆ ತಿಳಿಯಬಾರದು ಎಂದಿದ್ದ. ಆ ಮಾತು ಇಷ್ಟು ವರ್ಷ ಎಲ್ಲಿತ್ತೋ. ಹುಸೇನಪ್ಪ ಬಾಯಲ್ಲಿದ್ದ ಕಡ್ಲಿ ಅಗಿಯುವುದನ್ನು ನಿಲ್ಲಿಸಿದ. ಅಷ್ಟರಲ್ಲಿ ಮಸ್ಕಿಯ ಗುಡ್ಡ ಕಂಡಿತು.

ಮಸ್ಕಿಯ ಆಫೀಸಿನ ಹೊನ್ನೂರಪ್ಪ ವಯಸ್ಸಾದವರು, ತೊಗರಿ ಚೀಲಗಳ ನಡುವೆ ಕಂಪ್ಯೂಟರಿಗೆ ಟವೆಲ್ ಹೊದಿಸಿ ಇಟ್ಟುಕೊಂಡಿದ್ದರು. ಹುಸೇನಪ್ಪ ನಿಂತೇ ಹೇಳಿದ. ನಿಮ್ಮ ಟಪಾಲನ್ನೂ ಕೆಲವು ಸಲ ಬಿಚ್ಚಿ ಓದಿದ್ದೇನೆ, ತಪ್ಪಾಯಿತು. ಹೊನ್ನೂರಪ್ಪ ಚಹಾ ಹೇಳಿ ಕಳಿಸಿ, ಅದಕ್ಕೇನಾಯಿತು ಎಂದು ಕೇಳಿದರು. ನೀನು ಓದಿ, ತಪ್ಪಿದ್ದರೆ ತಿದ್ದಿ ಆಮೇಲೆ ಮುಂದಕ್ಕೆ ಕಳಿಸುತ್ತೀ ಅಂತಲೇ ನಾನು ತಿಳಿದಿದ್ದೆ, ಆ ಧೈರ್ಯದ ಮೇಲೆಯೇ ಇಷ್ಟು ದಿನ ಬರೆಯುತ್ತಿದ್ದೆ. ಇನ್ನು ಮೇಲೆ ಓದುವುದಿಲ್ಲವಾದರೆ ನನ್ನ ಇಂಗ್ಲಿಷ್ ನೋಡುವವರು ಯಾರು ಎಂದು ಅವರಿಗೇ ಚಿಂತೆ ಹತ್ತಿತು. ಚಹಾ ಸಿಹಿಯಾಗಿತ್ತು. ಹುಸೇನಪ್ಪ ಕುಡಿದು ಮತ್ತೆ ಬಸ್ ಹತ್ತಿದ. ತಪ್ಪೇ ಕಾಣದವರು ಕೊಟ್ಟ ಕ್ಷಮೆ ಕಿಸೆಯಲ್ಲಿ ನಡೆಯದ ನಾಣ್ಯದಂತಿತ್ತು. ಆದರೂ ಲಿಂಗಸೂಗೂರಿನಲ್ಲಿ ಇದು ಇಷ್ಟೇ ಸಲೀಸಾಗಬಹುದೆಂಬ ಆಸೆ ಚಿಗುರಿತು. ಗಡಿಯಾರದ ಮಾತು ಬರೆದವಳು ನಗುವವಳು, ನಕ್ಕು ಬಿಟ್ಟುಬಿಡುತ್ತಾಳೆ. ತಾನೂ ನಗುವುದು. ಇಬ್ಬರೂ ಹರಕೆ ಹೊತ್ತು ಇಟ್ಟ ಹೆಸರಿನವರು, ಒಬ್ಬನದು ಮೊಹರಂನ ಅಲಾಯಿ ಹಬ್ಬದ ಹರಕೆ, ಒಬ್ಬಳದು ಯಮನೂರಿನ ದರ್ಗಾದ ಹರಕೆ, ಒಂದೇ ಗುಂಪಿನವರು ಎಂದು ಏನಾದರೂ ಹೇಳುವುದು. ಹೇಳುವ ಧಾಟಿಯನ್ನು ಅವನು ದಾರಿಯುದ್ದಕ್ಕೂ ಬಾಯೊಳಗೆ ತಿರುಗಿಸಿಕೊಂಡ.

ಆಫೀಸು ಬಸ್‌ಸ್ಟ್ಯಾಂಡಿನ ಎದುರು ಮಾಳಿಗೆಯ ಮೇಲಿತ್ತು. ಯಮನೂರಮ್ಮ ಒಬ್ಬಳೇ ಇದ್ದಳು. ನಿನ್ನೆಯಷ್ಟೇ ಬಂದು ಹೋದವನನ್ನು ಇವತ್ತು ಮತ್ತೆ ಕಂಡು ಅವಳ ಕಣ್ಣು ಮೊದಲು ಹೋದದ್ದು ಅವನ ಬರಿ ಮುಂಗೈಗೆ. ಅವನು ಕೂರಲಿಲ್ಲ. ಸಾಹುಕಾರರು ಕರೆದದ್ದು, ಶಾವಲಿಯ ಹೆಸರು, ತಾನು ಒಪ್ಪಿಕೊಂಡದ್ದು ಎಲ್ಲವನ್ನೂ ಹೇಳಿದ. ನಿಮ್ಮ ಕೆಲಸಕ್ಕೆ ಏನೂ ಆಗುವುದಿಲ್ಲ ಎಂದ. ಅವಳು ನಡುವೆ ಬಾಯಿ ಹಾಕದೆ ಕೇಳಿ, ಯಾವ್ಯಾವುದನ್ನು ಓದಿದಿರಿ ಎಂದಳು. ಎಲ್ಲವನ್ನೂ ಎಂದ. ಗಡಿಯಾರದ್ದು? ಹೌದು. ಸಾಹುಕಾರರ ಹೊಟ್ಟೆಯದು? ಹೌದು. ಅವಳಿಗೆ ಸಣ್ಣಗೆ ನಗು ಬಂತು; ಹುಸೇನಪ್ಪ ತಯಾರು ಮಾಡಿಕೊಂಡಿದ್ದ ಹರಕೆಯ ಮಾತನ್ನು ನಾಲಿಗೆಯ ತುದಿಗೆ ತಂದ. ಆಗ ಅವಳ ನಗು ತಾನಾಗಿ ಆರಿತು. ಏನನ್ನೋ ಲೆಕ್ಕ ಹಾಕುವವಳಂತೆ ಗೋಡೆ ನೋಡಿದಳು.

"ಮುದಗಲ್ಲಿನವರು ಬಂದು ನೋಡಿ ಹೋದರಲ್ಲ, ಕಪ್ಪದಾಳ, ಎತ್ತರ ಅದಾಳ ಅಂತ ಬ್ಯಾಡಂದ್ರಲ್ಲ, ಅವತ್ತಿಂದು?"

ಹುಸೇನಪ್ಪ ಹೌದೆಂದು ತಲೆಯಾಡಿಸಿದ. ಅದನ್ನೂ ಓದಿದ್ದ. ಮರುದಿನ ಏನೋ ನೆಪ ತೆಗೆದು ಲಿಂಗಸೂಗೂರಿಗೆ ಫೋನ್ ಮಾಡಿ, ನಿಮ್ಮಂಥ ಕೆಲಸದವರು ನಮ್ಮ ಮೂರು ಊರಿನ ಆಫೀಸುಗಳಲ್ಲಿ ಇಲ್ಲ ನೋಡಿ ಎಂದು ಹೊಗಳಿದ್ದ. ಸಿಂಧನೂರಿನಿಂದ ಬರುವಾಗ ಒಂದು ಪೊಟ್ಟಣ ಪೇಡೆ ತಂದುಕೊಟ್ಟಿದ್ದ. ಎಲ್ಲ ಪಾಪಗಳ ನಡುವೆ ಅದೊಂದನ್ನು ಅವನು ಪುಣ್ಯದ ಪಾಲಿಗೆ ಬರೆದುಕೊಂಡಿದ್ದ. ಇವತ್ತು ಬಸ್ಸಿನಲ್ಲಿ ಬರುವಾಗಲೂ ಅದು ನೆನಪಾಗಿ, ತಾನು ಪೂರಾ ಕೆಟ್ಟವನಲ್ಲ ಎಂದು ಸಮಾಧಾನವಾಗಿತ್ತು.

"ಅದಕ್ಕಽ ಪೇಡೆ ತಂದಿದ್ರಿ," ಅಂದಳು ಯಮನೂರಮ್ಮ. ಕೇಳಲಿಲ್ಲ, ಹೇಳಿದಳು. "ನಾ ಅವತ್ತು ಎಷ್ಟು ಹಿಗ್ಗಿದ್ದೆ ಗೊತ್ತೇನ್ರಿ. ಯಾರೂ ಹೇಳದಂಗ ಕೇಳದಂಗ, ನನ್ನ ಕೆಲಸ ನೋಡಿ ಒಬ್ಬರು ಛಲೋ ಅಂದ್ರಲ್ಲ ಅಂತ. ನಮ್ಮವ್ವಗೂ ಹೇಳಿದ್ದೆ." ಆಮೇಲೆ, "ನಗಿಯಾಡಿ ಬರದದ್ದು ಓದೀರಿ, ಓದ್ರಿ. ಮುದಗಲ್ಲಿನವರದು ನಾ ಮೆಹರಬಾನುಗ ಹೇಳಿದ್ದು. ನಿಮಗಲ್ಲ," ಅಂದಳು.

ದನಿ ಏರಿರಲಿಲ್ಲ. ಹುಸೇನಪ್ಪನಿಗೆ ತಪ್ಪಾಯಿತು ಎಂಬ ಮಾತು ಬಾಯಿಗೆ ಬಂತು, ಆದರೆ ಅದನ್ನು ಅವನು ಹೊನ್ನೂರಪ್ಪನ ಮುಂದೆ ಆಗಲೇ ಖರ್ಚು ಮಾಡಿಬಂದಿದ್ದ. ಕೆಳಗೆ ಕಂಡಕ್ಟರನೊಬ್ಬ ಮಸ್ಕಿ, ಸಿಂಧನೂರು ಎಂದು ಕೂಗುತ್ತಿದ್ದ. ಆ ಬಸ್ ಹತ್ತಿ ಹೋಗಿಬಿಡಬಹುದಿತ್ತು. ಹೋಗದೆ, ಅವಳ ಕಂಪ್ಯೂಟರಿನ ಹತ್ತಿರ ಬಂದು, ಪಾಸ್‌ವರ್ಡ್ ಬದಲಿಸುವ ಪರದೆ ತೆರೆದು, ನಿಮಗೆ ಬೇಕಾದ್ದು ಹಾಕಿಕೊಳ್ಳಿ ಎಂದ. ಈವರೆಗೆ ಎಲ್ಲರ ಪಾಸ್‌ವರ್ಡನ್ನೂ ಅವನೇ ಇಟ್ಟು, ಅವನೇ ಚೀಟಿಯಲ್ಲಿ ಬರೆದು ಕೊಡುತ್ತಿದ್ದ. ಹೊಸದು ಹಾಕಿದರೆ ನನ್ನ ಟಪಾಲು ನಿಮಗೆ ಕಾಣುವುದಿಲ್ಲವೇ ಎಂದು ಅವಳು ಕೇಳಿದಳು. ಇಲ್ಲ ಎಂದರೆ ಅವಳು ನಂಬುತ್ತಿದ್ದಳು. ಈ ಮೂರು ಊರಿನಲ್ಲಿ ಅವನು ಹೇಳಿದ್ದೇ ಶಾಸ್ತ್ರ.

"ಕಾಣತೈತ್ರಿ. ಮಷೀನ್ ನನ್ನ ಕೈಯಾಗ ಐತಿ. ಮನಸ್ಸು ಮಾಡಿದ್ರ ಓದಬೌದು."

"ಮತ್ತ ಇದು ಯಾಕ?"

"ನನಗ ಗೊತ್ತಿಲ್ಲದ್ದು ಒಂದಾದ್ರೂ ನಿಮ್ಮ ಹತ್ರ ಇರಲಿ," ಎಂದು ಹೇಳಿ, ಹುಸೇನಪ್ಪ ಕುರ್ಚಿಯ ಹತ್ತಿರದಿಂದ ಸರಿದು ಕಿಟಕಿಗೆ ಹೋಗಿ ಬೆನ್ನು ತಿರುಗಿಸಿ ನಿಂತ.

ಅವಳು ತಕ್ಷಣ ಕೂರಲಿಲ್ಲ. ಆಮೇಲೆ ಕುರ್ಚಿ ಸರಿದ ಸದ್ದಾಯಿತು, ಮೊದಲ ಕೀಲಿ ಬಿತ್ತು. ಹುಸೇನಪ್ಪನ ಕಣ್ಣು ಹೊರಗಿದ್ದರೂ ಕಿವಿ ಒಳಗೇ ಉಳಿದುಬಿಟ್ಟಿತ್ತು. ಇದು ಮೇಲಿನ ಸಾಲಿನದು. ಇದು ಎಡಗೈ ಕಿರುಬೆರಳಿನದು. ಇಲ್ಲಿ ತಪ್ಪಿ ಅಳಿಸಿದಳು. ಬೇಡವೆಂದರೂ ಆ ಕಿವಿ ಒಂದೊಂದನ್ನೂ ಹೆಕ್ಕಿ ಹೆಕ್ಕಿ ಇಡುತ್ತಿತ್ತು. ಅವನಿಗೆ ದಿಗಿಲಾಯಿತು. ಆ ಸದ್ದು ಕಿವಿಗೆ ಬೀಳದಿರಲೆಂದು ಎದುರಿನ ಅಂಗಡಿಗಳ ಬೋರ್ಡುಗಳನ್ನು ಕನ್ನಡ ಶಾಲೆಯ ಹುಡುಗನಂತೆ ಗಟ್ಟಿಯಾಗಿ ಓದತೊಡಗಿದ. ಬಾಲಪ್ಪ ಸೈಕಲ್ ಟ್ಯಾಕ್ಸಿ. ಗುಲ್ಷನ್ ಬಳೆ ಅಂಗಡಿ. ಇಲ್ಲಿ ಎಲ್ಲಾ ತರಹದ ಪಂಪ್‌ಸೆಟ್ ರಿಪೇರಿ ಮಾಡಲಾಗುವುದು. ಕೆಳಗೆ ಶೇಂಗಾ ಮಾರುವವಳು ತಲೆಯೆತ್ತಿ ನೋಡಿದಳು, ಕಂಡಕ್ಟರ್ ಕೂಗು ನಿಲ್ಲಿಸಿ ನೋಡಿದ. ಅವನು ನಿಲ್ಲಿಸಲಿಲ್ಲ. ಬೋರ್ಡುಗಳು ಮುಗಿದ ಮೇಲೆ ಗೋಡೆಯ ಮೇಲಿನ ಗೊಬ್ಬರದ ಜಾಹೀರಾತು ಓದಿದ, ಅದೂ ಮುಗಿದ ಮೇಲೆ ಬಸ್ಸಿನ ಹಿಂಬದಿಯಲ್ಲಿ ಬರೆದದ್ದನ್ನು ಓದಿದ.

"ಮುಗದು ಭಾಳ ಹೊತ್ತಾತ್ರಿ," ಅಂದಳು ಯಮನೂರಮ್ಮ ಹಿಂದಿನಿಂದ.

ಆ ದನಿಯಲ್ಲಿ ನಗೆ ಇತ್ತೋ ಇಲ್ಲವೋ. ಮುಖ ನೋಡಿದ್ದರೆ ತಿಳಿಯುತ್ತಿತ್ತು. ಅದನ್ನೂ ಓದಬಾರದೆಂದು ಹುಸೇನಪ್ಪ ತಿರುಗದೆ ಹಾಗೆಯೇ ನಿಂತಿದ್ದ.